ಕಲ್ಲು, ರಬ್ಬರ್, ರೇಷ್ಮೆ: ಬಣ್ಣ ಹಚ್ಚದೆ ಚಲನೆಯಲ್ಲೇ ತೋರಿಸುವುದು ಹೇಗೆ

ಅನಿಮೇಷನ್‌ನಲ್ಲಿ ನನ್ನ ಮೊದಲ ಕೆಲಸ. ಕೈಗೆ ಬಂದ ಶಾಟ್ 11 ಸೆಕೆಂಡಿನದು. ಹಳೇ ಮನೆಯ ಮೆಟ್ಟಿಲ ಮೇಲಿಂದ ಒಂದು ರುಬ್ಬುಗುಂಡು ಉರುಳಿ ಬರಬೇಕು, ಅಂಗಳದಲ್ಲಿ ನಿಲ್ಲಬೇಕು. ಅಷ್ಟೇ. ನಾಲ್ಕು ದಿನ ಕೂತು ಕಲ್ಲಿನ ಮೈ ಮಾಡಿದೆ. ಉಳಿಯ ಗುರುತು, ಹಿಟ್ಟು ಒಣಗಿ ಅಂಟಿದ ಬಿಳಿ ಗೆರೆ, ಕೈ ತಾಗಿ ತಾಗಿ ನುಣುಪಾದ ತಲೆಭಾಗ, ಎಲ್ಲಾ ಇತ್ತು. ಐದನೇ ದಿನ ನಮ್ಮ ಲೀಡ್ ಬಂದು ಹಿಂದೆ ನಿಂತರು. ಎರಡು ಸಲ ನೋಡಿದರು. ಆಮೇಲೆ ಬಗ್ಗಿ ಟೆಕ್ಸ್ಚರ್, ಅಂದರೆ ಮೈಮೇಲೆ ಅಂಟಿಸಿದ ಬಣ್ಣ, ಗುರುತುಗಳನ್ನು ಪೂರ್ತಿ ಆಫ್ ಮಾಡಿ ಮತ್ತೆ ಪ್ಲೇ ಒತ್ತಿದರು. ಬೂದು ಬಣ್ಣದ ಗುಂಡೊಂದು ಮೆಟ್ಟಿಲಿಳಿಯಿತು.

"ಇದು ಯಾವುದರಲ್ಲಿ ಮಾಡಿದ್ದು ಹೇಳಮ್ಮ" ಅಂದರು.

ಥರ್ಮಾಕೋಲ್. ನನ್ನ ಕಣ್ಣಿಗೂ ಹಾಗೇ ಕಂಡಿತು. ಟೆಕ್ಸ್ಚರ್ ಮತ್ತೆ ಆನ್ ಮಾಡಿದರೂ ಅಷ್ಟೇ, ಕಲ್ಲಿನ ಬಣ್ಣ ಬಳಿದ ಥರ್ಮಾಕೋಲ್. ನಾಲ್ಕು ದಿನದ ಕೆಲಸ ಒಂದೇ ಕ್ಷಣದಲ್ಲಿ ಸುಳ್ಳಾಗಿ ಹೋಯಿತು.

ಈಗ ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಹೊಸಬರಿಗೆ ಹೇಳಿಕೊಡುವಾಗ ನಾನೂ ಮೊದಲು ಟೆಕ್ಸ್ಚರ್ ಆಫ್ ಮಾಡಿಸುತ್ತೇನೆ. ಬೂದು ಬಣ್ಣದಲ್ಲೇ ಕಲ್ಲು ಕಲ್ಲಾಗಬೇಕು, ರಬ್ಬರ್ ರಬ್ಬರಾಗಬೇಕು, ರೇಷ್ಮೆ ರೇಷ್ಮೆಯಾಗಬೇಕು. ಅದನ್ನು ಹೇಗೆ ಸಾಧಿಸುವುದು ಅಂತ ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಅನಿಮೇಷನ್ ಕಲಿಯದವರೂ ಓದಬಹುದು. ಇಲ್ಲಿನ ಅರ್ಧ ಪ್ರಯೋಗಗಳು ಅಡುಗೆಮನೆಯಲ್ಲೇ ಆಗುತ್ತವೆ.

ಕಣ್ಣಿಗೆ ಎಷ್ಟು ಸಾಕು?

ನೋಡುವವರ ಕಣ್ಣು ಎಷ್ಟು ಚುರುಕು ಅಂತ ಮೊದಲು ತಿಳಿದುಕೊಂಡರೆ ನಮ್ಮ ಕೆಲಸದ ಮೇಲೆ ಗೌರವ ಬರುತ್ತದೆ. 1973ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಗುನ್ನಾರ್ ಯೋಹಾನ್ಸನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಬ್ಬ ಮನುಷ್ಯನ ಭುಜ, ಮೊಣಕೈ, ಮಂಡಿ, ಹೀಗೆ ಕೀಲುಗಳಲ್ಲಿ ಮಾತ್ರ ಹೊಳೆಯುವ ಚುಕ್ಕಿಗಳು. ಉಳಿದದ್ದೆಲ್ಲ ಕಪ್ಪು. ನಿಂತಾಗ ಸುಮ್ನೆ ಒಂದಷ್ಟು ಚುಕ್ಕಿ. ಹೆಜ್ಜೆ ಇಟ್ಟ ಕೂಡಲೇ ನೋಡಿದವರಿಗೆ ಮನುಷ್ಯ ಕಂಡ.

ನಮಗೆ ಇನ್ನೂ ಹತ್ತಿರದ್ದು 1981ರ ಪ್ರಯೋಗ. ಅದೇ ಬಗೆಯ ಚುಕ್ಕಿಗಳನ್ನು ಹಾಕಿಕೊಂಡವರು ಒಂದು ಪೆಟ್ಟಿಗೆ ಎತ್ತಿದರು. ಸ್ವೆರ್ಕರ್ ರೂನೆಸನ್ ಮತ್ತು ಗುನಿಲ್ಲಾ ಫ್ರಿಕ್‌ಹೋಮ್ ಅದನ್ನು ಜನರಿಗೆ ತೋರಿಸಿ ಪೆಟ್ಟಿಗೆಯ ತೂಕ ಕೇಳಿದರು. ಚುಕ್ಕಿಗಳನ್ನಷ್ಟೇ ನೋಡಿದ ಜನ ತೂಕವನ್ನು ಚೆನ್ನಾಗಿಯೇ ಅಂದಾಜು ಮಾಡಿದರು.

ಅಂದರೆ ನೋಡುವವರಿಗೆ ನಾವು ಹೊಸದಾಗಿ ಏನೂ ಕಲಿಸಬೇಕಿಲ್ಲ. ಅವರಿಗೆ ಎಲ್ಲಾ ಗೊತ್ತು. ಅವರ ಕಣ್ಣಿಗೆ ಗೊತ್ತಿರುವುದು ನಮ್ಮ ಕೈಗೆ ಗೊತ್ತಾಗಬೇಕು, ಅಷ್ಟೇ.

ಫೋನ್, ಗೋಡೆ, ಟೇಪು

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ವಾರ ಇದನ್ನು ಮಾಡಿ. ಬಿಸಿಲು ಚೆನ್ನಾಗಿ ಬೀಳುವ ಗೋಡೆ ಹುಡುಕಿ. ನೆಲದಿಂದ ಒಂದು ಮೀಟರ್‌ವರೆಗೆ 10 ಸೆಂ.ಮೀ.ಗೊಂದರಂತೆ ಬಣ್ಣದ ಟೇಪು ಅಂಟಿಸಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಒಂದು ಸ್ಟೂಲಿನ ಮೇಲೆ ಡಬ್ಬಕ್ಕೆ ಒರಗಿಸಿ ಇಡಿ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಅಥವಾ 240 ಫ್ರೇಮ್ ಇಟ್ಟುಕೊಳ್ಳಿ. ನಾವು ಅನಿಮೇಷನ್ ಮಾಡುವ ಸೆಕೆಂಡಿಗೆ 24 ಫ್ರೇಮ್‌ನ ಲೆಕ್ಕಕ್ಕೆ ಇವು ಸುಲಭವಾಗಿ ಬರುತ್ತವೆ: 120ರಲ್ಲಿ ಐದು ಫ್ರೇಮ್ ಸೇರಿದರೆ ನಮ್ಮ ಒಂದು ಫ್ರೇಮ್, 240ರಲ್ಲಿ ಹತ್ತು.

ಈಗ ಮನೆಯಲ್ಲಿರುವ ಎಲ್ಲವನ್ನೂ ಒಂದು ಮೀಟರ್‌ನಿಂದ ಕೆಳಗೆ ಬಿಡಿ. ಟೆನಿಸ್ ಚೆಂಡು, ನಿಂಬೆಹಣ್ಣು, ಆಲೂಗಡ್ಡೆ, ಗೋಲಿ, ಒಗೆದು ಮುದ್ದೆ ಮಾಡಿದ ಒದ್ದೆ ಟವೆಲ್. ಎಸೆಯಬೇಡಿ, ಬಿಡಿ. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಮೂರು ಸಂಗತಿ ಬರೆದುಕೊಳ್ಳಿ: ಮೊದಲ ಪುಟಿತ ಎಷ್ಟು ಎತ್ತರ, ಒಟ್ಟು ಎಷ್ಟು ಸಲ ಪುಟಿಯಿತು, ಪೂರ್ತಿ ನಿಲ್ಲಲು ಎಷ್ಟು ಫ್ರೇಮ್ ಹಿಡಿಯಿತು.

ಮೂರನೆಯದನ್ನು ಮರೆಯಬೇಡಿ. ಹೊಸಬರು ಎತ್ತರ ಮಾತ್ರ ನೋಡುತ್ತಾರೆ. 2020ರಲ್ಲಿ ವಿವಿಯನ್ ಪೌಲುನ್ ಮತ್ತು ರೋಲಂಡ್ ಫ್ಲೆಮಿಂಗ್ ಪುಟಿಯುವ ಘನಗಳ (ಕ್ಯೂಬ್) ವಿಡಿಯೋಗಳನ್ನು ಜನರಿಗೆ ತೋರಿಸಿ, ಎಷ್ಟು ಪುಟಿಯುವ ಗುಣ ಇದೆ ಅಂತ ಕೇಳಿದರು. ಬಿಡುವ ಜಾಗ, ವೇಗ ಎಲ್ಲಾ ಬೇರೆ ಬೇರೆ. ಆದರೂ ಜನ ಚೆನ್ನಾಗಿ ಹೇಳಿದರು. ಅವರ ಉತ್ತರಗಳು ಘನ ಎಷ್ಟು ಹೊತ್ತು ಚಲಿಸುತ್ತಿತ್ತು ಎನ್ನುವುದಕ್ಕೆ ಬಹಳ ಹತ್ತಿರ ಇದ್ದವು. ಈ ಮಾತು ಓದಿದ ಮೇಲೆ ನಾನು ಚೆಂಡು ನಿಲ್ಲುವ ಕೊನೆಯ ಫ್ರೇಮ್‌ಗಳಿಗೆ ಮೊದಲಿಗಿಂತ ದುಪ್ಪಟ್ಟು ಸಮಯ ಕೊಡತೊಡಗಿದೆ.

ಪುಟಿತದ ಲೆಕ್ಕ

ಒಂದು ಮೀಟರ್‌ನಿಂದ ಬಿಟ್ಟ ವಸ್ತು ನೆಲ ಮುಟ್ಟಲು 0.45 ಸೆಕೆಂಡ್ ಬೇಕು. ಅಂದರೆ ಸುಮಾರು 11 ಫ್ರೇಮ್. ಗಾಳಿ ತಡೆಯದಿದ್ದರೆ ಕಬ್ಬಿಣಕ್ಕೂ ಅಷ್ಟೇ, ರಬ್ಬರಿಗೂ ಅಷ್ಟೇ. ಭಾರವಾದದ್ದು ಬೇಗ ಬೀಳಬೇಕು ಅಂತ ಯಾವ ಹೊಸಬರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಬೀಳುವ ವೇಗ ಹೆಚ್ಚಿಸಿದರೆ ವಸ್ತು ಭಾರ ಆಗುವುದಿಲ್ಲ, ಯಾರೋ ಅದನ್ನು ಕೆಳಕ್ಕೆ ಎಸೆದಂತೆ ಕಾಣುತ್ತದೆ.

ವ್ಯತ್ಯಾಸ ಶುರುವಾಗುವುದು ನೆಲ ಮುಟ್ಟಿದ ಮೇಲೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮದ ಪ್ರಕಾರ ಸಾಮಾನ್ಯ ಟೆನಿಸ್ ಚೆಂಡನ್ನು 254 ಸೆಂ.ಮೀ.ನಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂ.ಮೀ.ವರೆಗೆ ಏಳಬೇಕು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಒಂದು ಮೀಟರ್‌ಗೆ ಹೇಳುವುದಾದರೆ ಮೊದಲ ಪುಟಿತ ಸುಮಾರು 55 ಸೆಂ.ಮೀ., ಆಮೇಲೆ 30, ಆಮೇಲೆ 16 ಅಥವಾ 17. ಸಮಯವೂ ಹಾಗೇ ಕುಗ್ಗುತ್ತದೆ. ಬೀಳಲು 11 ಫ್ರೇಮ್, ಏಳಲು 8, ಇಳಿಯಲು 8, ಮತ್ತೆ 6 ಮತ್ತು 6, ಹೀಗೆ. ಎಲ್ಲಾ ಸೇರಿ ನಿಲ್ಲುವ ಹೊತ್ತಿಗೆ ಸುಮಾರು ಮೂರು ಸೆಕೆಂಡ್, 72 ಫ್ರೇಮ್.

ಮೊದಲ ಪುಟಿತ 25 ಸೆಂ.ಮೀ. ಮಾತ್ರ ಏಳುವ ವಸ್ತು ತೆಗೆದುಕೊಳ್ಳಿ. ಅದರ ಇಡೀ ಆಟ ಸುಮಾರು 32 ಫ್ರೇಮ್‌ನಲ್ಲಿ ಮುಗಿಯುತ್ತದೆ. ಎತ್ತರ ಅರ್ಧಕ್ಕೆ ಇಳಿಯಿತು, ಒಟ್ಟು ಸಮಯವೂ ಅರ್ಧಕ್ಕಿಂತ ಕೆಳಗೆ ಹೋಯಿತು. ಎತ್ತರ ಸರಿ ಮಾಡಿ ಸಮಯ ಹಾಗೇ ಬಿಟ್ಟರೆ ಚೆಂಡು ನೀರಿನಡಿ ಪುಟಿದಂತೆ ಕಾಣುತ್ತದೆ. ಕಣ್ಣು ಮುಚ್ಚಿ ಕೇಳಿ ನೋಡಿ: ಟಕ್, ಟಕ್, ಟಕ್ ಟಕ್ಟಕ್. ಆ ತಾಳ ಬಾಯಲ್ಲಿ ಬಂದರೆ ಟೈಮಿಂಗ್ ತಾನಾಗಿ ಬರುತ್ತದೆ. ನಾನು ಈಗಲೂ ಚಲನೆಯ ಗೆರೆಗಳನ್ನು ತಿದ್ದುವ ಗ್ರಾಫ್ ಎಡಿಟರ್ ತೆರೆಯುವ ಮುಂಚೆ ಬೆರಳಲ್ಲಿ ಮೇಜು ತಟ್ಟಿಕೊಳ್ಳುತ್ತೇನೆ.

ನೆಲ ಮುಟ್ಟಿದಾಗ ಚಪ್ಪಟೆಯಾಗುವುದು ಮೆತ್ತನೆಯ ವಸ್ತುವಿಗೆ ಮಾತ್ರ. ಎತ್ತರ 100ರಿಂದ 80 ಪಾಲಿಗೆ ಇಳಿದರೆ ಅಗಲ ಎರಡೂ ಕಡೆ ಸುಮಾರು 112 ಆಗಬೇಕು, ಇಲ್ಲದಿದ್ದರೆ ಒಳಗಿದ್ದದ್ದು ಎಲ್ಲೋ ಕರಗಿ ಹೋದಂತಿರುತ್ತದೆ. ಗೋಲಿಗೆ, ಕಲ್ಲಿಗೆ ಒಂದು ಫ್ರೇಮ್ ಕೂಡ ಚಪ್ಪಟೆ ಕೊಡಬೇಡಿ.

ತೂಕ ಎಲ್ಲಿ ಕಾಣುತ್ತದೆ?

ಟೇಬಲ್ ಟೆನಿಸ್ ಚೆಂಡು 30.5 ಸೆಂ.ಮೀ.ನಿಂದ ಉಕ್ಕಿನ ಮೇಲೆ ಬಿದ್ದರೆ 24ರಿಂದ 26 ಸೆಂ.ಮೀ. ಏಳುತ್ತದೆ. ಟೆನಿಸ್ ಚೆಂಡಿಗಿಂತ ಚುರುಕು, ಆದರೆ ತೂಕ ಎಷ್ಟೋ ಕಡಿಮೆ. ಹಾಗಾಗಿ ಪುಟಿತ ತೂಕವನ್ನು ಹೇಳುವುದಿಲ್ಲ. ತೂಕ ಕಾಣುವುದು ಸುತ್ತಮುತ್ತ. ವಸ್ತು ತಾಗಿದ್ದಕ್ಕೆ ಏನಾಯಿತು, ಅದನ್ನು ಎತ್ತಿದವರಿಗೆ ಏನಾಯಿತು, ಅಲ್ಲಿ.

ರುಬ್ಬುಗುಂಡಿನ ಶಾಟನ್ನು ಆಮೇಲೆ ನಾನು ಹೇಗೆ ತಿದ್ದಿದೆ ಅಂತ ಹೇಳಿದರೆ ಸ್ಪಷ್ಟ ಆಗುತ್ತದೆ. ಆ ಭಾನುವಾರ ಊರಿಗೆ ಹೋಗಿ ಅಮ್ಮನ ಒರಳಿನ ಗುಂಡನ್ನು ಹಿತ್ತಲಿನ ಮೂರು ಮೆಟ್ಟಿಲ ಮೇಲಿಂದ ಉರುಳಿಸಿದೆ. ಒಂದು ಮೆಟ್ಟಿಲಿನ ಅಂಚು ಒಡೆಯಿತು, ಅದನ್ನು ಸರಿ ಮಾಡಿಸಿಕೊಟ್ಟೆ. ಆದರೆ ನೋಡಬೇಕಾದ್ದನ್ನು ನೋಡಿದೆ.

ಮೊದಲನೆಯದು, ಅದು ಹೊರಡಲು ಮನಸ್ಸೇ ಮಾಡುವುದಿಲ್ಲ. ಅಂಚಿಗೆ ಬಂದು ವಾಲುತ್ತದೆ, ಒಂದು ಕ್ಷಣ ಅಲ್ಲೇ ಇರುತ್ತದೆ, ಆಮೇಲೆ ಬೀಳುತ್ತದೆ. ನನ್ನ ಹಳೇ ಶಾಟ್‌ನಲ್ಲಿ ಅದು ಮೊದಲ ಫ್ರೇಮ್‌ನಿಂದಲೇ ಓಡುತ್ತಿತ್ತು. ಎರಡನೆಯದು, ಮೆಟ್ಟಿಲಿಗೆ ಬಡಿದಾಗ ಪುಟಿತ ಇದ್ದೂ ಇಲ್ಲದಂತೆ, ಒಂದೆರಡು ಫ್ರೇಮ್ ಅಷ್ಟೇ. ಬಡಿದ ಬಿಂದುವನ್ನೇ ಹಿಡಿದುಕೊಂಡು ಅದು ಹೊರಳುತ್ತದೆ. ಗುಂಡು ಪೂರ್ತಿ ಉರುಟಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹಾಗಾಗಿ ದಪ್ಪ ಭಾಗ ಕೆಳಗೆ ಬರುವಾಗ ಜೋರಾಗುತ್ತದೆ, ಮೇಲೆ ಹೋಗುವಾಗ ನಿಧಾನ ಆಗುತ್ತದೆ. ಮೂರನೆಯದು, ದಾರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಚೊಂಬು ಹಾರಿ ಹೋಯಿತು, ಗುಂಡಿನ ದಾರಿ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಈ ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಎರಡು ವಸ್ತು ತಾಗಿದಾಗ ಯಾವುದು ತನ್ನ ದಾರಿ ಬಿಡುವುದಿಲ್ಲವೋ ಅದೇ ಭಾರ. ಕೊನೆಯಲ್ಲಿ ಅಂಗಳದ ಮಣ್ಣಲ್ಲಿ ಅದು ತಟ್ಟನೆ ನಿಲ್ಲಲಿಲ್ಲ. ನಿಂತಿತು ಅಂದುಕೊಂಡ ಮೇಲೂ ದಪ್ಪ ಭಾಗದ ಮೇಲೆ ಹಿಂದೆ ಮುಂದೆ ನಿಧಾನವಾಗಿ ತೂಗಿತು.

ಹೊಸ ಶಾಟ್‌ನಲ್ಲಿ ಮೆಟ್ಟಿಲ ಪಕ್ಕ ಒಂದು ಚೊಂಬು ಇಟ್ಟೆ. ಅದೊಂದೇ ನಾನು ಹೊಸದಾಗಿ ಮಾಡೆಲ್ ಮಾಡಿದ ವಸ್ತು.

ಮನುಷ್ಯ ಎತ್ತುವ ದೃಶ್ಯ ಇದ್ದರೆ ವಸ್ತುವಿಗಿಂತ ಮನುಷ್ಯನ ಕಡೆ ನೋಡಿ. ತುಂಬಿದ ಕೊಡ ಎತ್ತುವವರು ಎತ್ತುವ ಮುಂಚೆಯೇ ಕಾಲು ಅಗಲಿಸುತ್ತಾರೆ, ಕೊಡವನ್ನು ಮೈಗೆ ಹತ್ತಿರ ತರುತ್ತಾರೆ, ಸೊಂಟ ಇನ್ನೊಂದು ಕಡೆ ವಾಲುತ್ತದೆ. ಖಾಲಿ ಕೊಡಕ್ಕೆ ಕೈ ಮಾತ್ರ ಹೋಗುತ್ತದೆ. ರೂನೆಸನ್ ಅವರ ಚುಕ್ಕಿಗಳಲ್ಲಿ ಕಂಡಿದ್ದೂ ಇಂಥದ್ದೇ.

ಅಳತೆಯ ಮೋಸ

ಇಲ್ಲಿ ಬಹಳ ಜನ ಎಡವುತ್ತಾರೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಹೊಸ ಗೋಳ ತಂದರೆ ಅದರ ತ್ರಿಜ್ಯ ಒಂದು ಮೀಟರ್. ಅಂದರೆ ಎರಡು ಮೀಟರ್ ಅಗಲದ ಚೆಂಡು, ಬಾಗಿಲಷ್ಟು ಎತ್ತರ. ಅದನ್ನೇ ಟೆನಿಸ್ ಚೆಂಡು ಅಂದುಕೊಂಡು ಸಿಮ್ಯುಲೇಷನ್ (ಚಲನೆಯನ್ನು ಕಂಪ್ಯೂಟರೇ ಲೆಕ್ಕ ಹಾಕುವುದು) ಓಡಿಸಿದರೆ ತೇಲಿಕೊಂಡು ಬಿದ್ದಂತೆ ಕಾಣುತ್ತದೆ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ದೊಡ್ಡ ವಸ್ತು ತನ್ನ ಮೈಯಷ್ಟು ದೂರ ಬೀಳಲು ಹೆಚ್ಚು ಸಮಯ ತೆಗೆದುಕೊಳ್ಳಲೇಬೇಕು. ಮೊದಲು ನಿಜವಾದ ಅಳತೆಗೆ ತನ್ನಿ, ಸ್ಕೇಲ್ ಅಪ್ಲೈ ಮಾಡಿ ಆ ಅಳತೆಯನ್ನು ಖಾಯಂ ಮಾಡಿ, ಆಮೇಲೆ ಬೇರೆ ಸಂಖ್ಯೆಗಳನ್ನು ಮುಟ್ಟಿ.

ಸಿನಿಮಾದಲ್ಲಿ ಪುಟ್ಟ ಮಾದರಿಗಳನ್ನು ಬೀಳಿಸಿ ದೊಡ್ಡ ಕಟ್ಟಡ ಅಂತ ತೋರಿಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾದರಿ 16ರಲ್ಲಿ ಒಂದು ಪಾಲು ಇದ್ದರೆ ನಾಲ್ಕು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 96 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ತೋರಿಸುತ್ತಿದ್ದರು. 16ರ ವರ್ಗಮೂಲ ನಾಲ್ಕು, ಲೆಕ್ಕ ಅಷ್ಟೇ. 20 ಮೀಟರ್ ತೆಂಗಿನ ಮರದಿಂದ ಕಾಯಿ ಬೀಳಲು ಎರಡು ಸೆಕೆಂಡ್ ಬೇಕು, 48 ಫ್ರೇಮ್. ಅದನ್ನು 20 ಫ್ರೇಮ್‌ನಲ್ಲಿ ಬೀಳಿಸಿದರೆ ನಿಮ್ಮ ತೆಂಗಿನ ಮರ ಬೊಂಬೆ ಮರ ಆಗುತ್ತದೆ, ಎಷ್ಟೇ ಚೆನ್ನಾಗಿ ಗರಿ ಬರೆದಿದ್ದರೂ.

ಅಪ್ಪನ ಸೆರಗು

ನಮ್ಮ ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟವರು. ನಾಲ್ಕು ಮಗ್ಗ, ಮನೆಯ ಹಿಂದೆಯೇ. ಯಾರಾದರೂ ಸೀರೆ ತಂದು "ಇದು ನಿಜವಾದ ರೇಷ್ಮೆಯಾ ನೋಡಿ" ಅಂದರೆ ಅಪ್ಪ ಮೊದಲು ಬೆರಳು ಹಚ್ಚುತ್ತಿರಲಿಲ್ಲ. ಸೆರಗಿನ ಎರಡು ಮೂಲೆ ಹಿಡಿದು ಒಂದು ಸಲ ಕೊಡವುತ್ತಿದ್ದರು. ಎರಡು ಹೆಜ್ಜೆ ದೂರದಿಂದ ನೋಡುತ್ತಿದ್ದರು. ಆಮೇಲೂ ಅನುಮಾನ ಉಳಿದರೆ ಒಂದೆಳೆ ದಾರ ತೆಗೆದು ಸುಟ್ಟು ಮೂಸುವುದು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ.

"ಕೊಡವಿದಾಗ ಏನು ನೋಡ್ತೀರಪ್ಪ?" ಅಂತ ಕೇಳಿದ್ದೆ. "ಅಲೆ ಎಲ್ಲಿ ಸಾಯುತ್ತೆ ಅಂತ ನೋಡು" ಅಂದಿದ್ದರು. ಆ ಮಾತನ್ನು ನಾನು ಇವತ್ತಿಗೂ ದಿನಾ ಬಳಸುತ್ತೇನೆ.

ನೀವೂ ಮಾಡಿ ನೋಡಿ. ಒಂದು ರೇಷ್ಮೆ ಸೀರೆ, ಒಂದು ಗಂಜಿ ಹಾಕಿದ ಹತ್ತಿ ಸೀರೆ, ಒಂದು ಜಾರ್ಜೆಟ್. ಮೂರನ್ನೂ ಒಂದೇ ಜೋರಿನಲ್ಲಿ ಕೊಡವಿ, ಪಕ್ಕದಿಂದ ಶೂಟ್ ಮಾಡಿ. ರೇಷ್ಮೆಯಲ್ಲಿ ಕೈಯಿಂದ ಹೊರಟ ಅಲೆ ದುಂಡಗೆ ಇರುತ್ತದೆ, ಕೆಳಗಿನವರೆಗೂ ಹೋಗುತ್ತದೆ, ಮಡಿಕೆಗಳು ಒಂದರೊಳಗೊಂದು ಜಾರಿ ಕೂರುತ್ತವೆ. ಗಂಜಿ ಹಾಕಿದ ಹತ್ತಿಯಲ್ಲಿ ಅಲೆ ಅರ್ಧ ದಾರಿಯಲ್ಲೇ ಮುರಿಯುತ್ತದೆ. ಬಟ್ಟೆ ಹಲಗೆ ಹಲಗೆಯಾಗಿ ತಿರುಗುತ್ತದೆ, ಮಡಿಕೆಗೆ ಮೂಲೆ ಇರುತ್ತದೆ. ಜಾರ್ಜೆಟ್‌ನಲ್ಲಿ ಸಣ್ಣ ಸಣ್ಣ ಅಲೆಗಳು ಬೇಗ ಬೇಗ ಓಡುತ್ತವೆ, ಕೈ ನಿಂತ ಮೇಲೂ ಬಟ್ಟೆ ಗಾಳಿಯಲ್ಲಿ ಉಳಿದಿರುತ್ತದೆ. ಇನ್ನು ಜರಿ ಅಂಚಿದ್ದರೆ ಅದನ್ನು ಬೇರೆಯಾಗಿ ನೋಡಿ. ಮೈ ಬಟ್ಟೆ ಹೊರಟ ಮೇಲೆ ಅಂಚು ತಡವಾಗಿ ಹೊರಡುತ್ತದೆ, ಆಮೇಲೆ ಅದರ ಭಾರಕ್ಕೆ ಮೈ ಬಟ್ಟೆಯನ್ನೂ ಎಳೆದುಕೊಂಡು ಮುಂದೆ ಹೋಗುತ್ತದೆ. ಸೀರೆ ಅನಿಮೇಟ್ ಮಾಡುವಾಗ ಅಂಚಿಗೆ ಬೇರೆ ತೂಕ ಕೊಡದೆ ಇಡೀ ಸೀರೆಗೆ ಒಂದೇ ಸಂಖ್ಯೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದು ಸೀರೆ ಆಗುವುದಿಲ್ಲ, ಪರದೆ ಆಗುತ್ತದೆ.

ಅಪ್ಪ ಮಾಡುತ್ತಿದ್ದುದನ್ನು 2013ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೆಕ್ಕ ಹಾಕಿ ನೋಡಿದರು. ಕೇಟಿ ಬೌಮನ್, ಬೇ ಶಿಯಾವ್ ಮತ್ತವರ ಜೊತೆಯವರು 30 ಬಗೆಯ ಬಟ್ಟೆಗಳನ್ನು ನೇತು ಹಾಕಿ, ಮೂರು ಜೋರಿನಲ್ಲಿ ಗಾಳಿ ಬಿಟ್ಟು ವಿಡಿಯೋ ಮಾಡಿದರು. ಬಟ್ಟೆಯ ಬಿಗುಪು ಮತ್ತು ತೂಕವನ್ನು ಜನರೂ ಅಂದಾಜು ಮಾಡಿದರು, ಕಂಪ್ಯೂಟರ್ ಕೂಡ ಬಟ್ಟೆಯ ಅಲುಗಾಟದಿಂದಲೇ ಅಂದಾಜು ಮಾಡಿತು. ನಿಂತ ಚಿತ್ರಕ್ಕಿಂತ ವಿಡಿಯೋ ನೋಡಿದಾಗ ಜನರ ಉತ್ತರ ನಿಜಕ್ಕೆ ಹತ್ತಿರ ಬಂತು.

ಇಲ್ಲಿ ಒಂದು ತೊಡಕಿದೆ. ಬಟ್ಟೆ ಕಡಿಮೆ ಅಲುಗಿದರೆ ಬಟ್ಟೆ ಬಿಗಿಯೋ, ಗಾಳಿ ಕಡಿಮೆಯೋ? ಎರಡೂ ಇರಬಹುದು ಅಲ್ವಾ? ಅದಕ್ಕೇ ಬಟ್ಟೆಯ ಪಕ್ಕದಲ್ಲಿ ಗಾಳಿಯನ್ನು ಹೇಳುವ ಇನ್ನೊಂದು ವಸ್ತು ಇಡಿ. ಕೂದಲು, ತುಳಸಿ ಗಿಡದ ಎಲೆ, ದೀಪದ ಕುಡಿ. ಎಲೆ ಜೋರಾಗಿ ಅಲುಗುತ್ತಿರುವಾಗ ಬಟ್ಟೆ ಸುಮ್ಮನಿದ್ದರೆ ನೋಡುವವರು ತಾವೇ "ದಪ್ಪ ಬಟ್ಟೆ" ಅಂದುಕೊಳ್ಳುತ್ತಾರೆ.

ಬ್ಲೆಂಡರ್‌ನ ಬಟ್ಟೆ ಸಿಮ್ಯುಲೇಷನ್‌ನಲ್ಲಿ ಕಾಟನ್, ಡೆನಿಮ್, ಲೆದರ್, ರಬ್ಬರ್, ಸಿಲ್ಕ್ ಅಂತ ಸಿದ್ಧ ಆಯ್ಕೆಗಳಿವೆ. ಶುರು ಮಾಡಲು ಒಳ್ಳೆಯದು, ಅಲ್ಲೇ ನಿಲ್ಲಬೇಡಿ. ನಾನು ಮೊದಲು ತೂಕ ಸರಿ ಮಾಡುತ್ತೇನೆ, ಆಮೇಲೆ ಬಾಗುವ ಬಿಗುಪು, ಕೊನೆಗೆ ಗಾಳಿಯ ತಡೆ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಪಾಕ, ಹಿಟ್ಟು, ನೀರು

ದೀಪಾವಳಿಗೆ ಕಜ್ಜಾಯಕ್ಕೆ ಪಾಕ ತೆಗೆಯುವಾಗ ನಮ್ಮ ಅಮ್ಮ ಯಾರ ಜೊತೆಗೂ ಮಾತಾಡುವುದಿಲ್ಲ. ಸೌಟು ಎತ್ತಿ ಇಳಿಬಿಟ್ಟು ನೋಡುತ್ತಾ ಇರುತ್ತಾರೆ. ಮೊದಲು ಬೆಲ್ಲದ ನೀರು ಹನಿ ಹನಿಯಾಗಿ ಬೇಗ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಕೊನೆಯ ಹನಿ ಬೀಳಲು ತಡ ಮಾಡುತ್ತದೆ. ಅದರ ಹಿಂದೆ ಒಂದು ಎಳೆ ಬರುತ್ತದೆ, ಎಳೆ ಕಡಿಯುವ ಮುಂಚೆ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಾಣಲೆಯ ಗುಳ್ಳೆಗಳೂ ಬದಲಾಗುತ್ತವೆ. ಮೊದಲು ಚಿಕ್ಕವು, ಪಟಪಟ ಒಡೆಯುವವು. ಆಮೇಲೆ ದೊಡ್ಡವು, ಉಬ್ಬಿ, ನಿಂತು, ಸೋಮಾರಿಯಾಗಿ ಒಡೆಯುವವು. ಅಲ್ಲಿಗೆ ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಉಂಡೆ ಆಗುತ್ತದಾ ಅಂತ ನೋಡುತ್ತಾರೆ. ಬೆರಳು ಹಾಕುವುದು ಕೊನೆಗೆ. ಅಷ್ಟು ಹೊತ್ತೂ ಪಾಕ ಎಷ್ಟು ದಪ್ಪ ಅಂತ ಕಣ್ಣೇ ಹೇಳುತ್ತಿರುತ್ತದೆ.

ಜಪಾನಿನ ಎನ್‌ಟಿಟಿ ಪ್ರಯೋಗಾಲಯದ ತಕಾಹಿರೊ ಕವಾಬೆ ಮತ್ತು ಜೊತೆಯವರು 2015ರಲ್ಲಿ ಇದನ್ನೇ ಬಿಡಿಸಿ ನೋಡಿದರು. ಹರಿಯುವ ದ್ರವದ ವಿಡಿಯೋದಿಂದ ಚಲನೆಯನ್ನು ಮಾತ್ರ ತೆಗೆದು, ಅದನ್ನು ಚುಕ್ಕೆ ಚುಕ್ಕೆಯಾದ ತುಣುಕುಗಳಿಗೆ ಕೊಟ್ಟರು. ಬಣ್ಣ, ಹೊಳಪು, ಆಕಾರ ಯಾವುದೂ ಇಲ್ಲ. ಆದರೂ ಜನರಿಗೆ ದ್ರವ ಕಂಡಿತು, ಎಷ್ಟು ದಪ್ಪ ಅಂತಲೂ ಗೊತ್ತಾಯಿತು. ದಪ್ಪವನ್ನು ಮುಖ್ಯವಾಗಿ ವೇಗ ಹೇಳುತ್ತಿತ್ತು. ದ್ರವ ಅನ್ನಿಸಲು ಮಾತ್ರ ಇನ್ನೊಂದು ಬೇಕಿತ್ತು: ಅಕ್ಕಪಕ್ಕದ ತುಣುಕುಗಳ ಚಲನೆ ಒಂದಕ್ಕೊಂದು ಹೊಂದಿಕೊಂಡು ನಯವಾಗಿ ಬದಲಾಗಬೇಕು. ಅವನ್ನು ಕಲಸಿ ಹಾಕಿದರೆ ದ್ರವ ಮಾಯ.

ಇದರಿಂದ ನಮಗೆ ಕೆಲಸಕ್ಕೆ ಬರುವುದು ಎರಡು. ನೀರಿನ ಸಿಮ್ಯುಲೇಷನ್ ನಿಧಾನ ಮಾಡಿದರೆ ಅದು ಎಣ್ಣೆಯ ಕಡೆ ಹೋಗುತ್ತದೆ. ಅಥವಾ ನೋಡುವವರಿಗೆ ಅದು ದೊಡ್ಡ ಜಲಪಾತದಂತೆ ಕಾಣಬಹುದು. ಯಾವುದು ಅಂತ ತೀರ್ಮಾನ ಆಗುವುದು ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತು ಇದ್ದಾಗ. ಒಂದು ಲೋಟವೋ, ಒಂದು ಕೈಯೋ ಇರಲಿ. ಎರಡನೆಯದು, ಒಡೆಯುವುದನ್ನು ನೋಡಿ. ನೀರು ಬಿದ್ದಲ್ಲಿ ಚದುರಿ ಹನಿಯಾಗುತ್ತದೆ. ಜೇನುತುಪ್ಪ ಚದುರುವುದಿಲ್ಲ, ಹಗ್ಗದಂತೆ ಸುತ್ತಿಕೊಂಡು ಬೀಳುತ್ತದೆ. ದೋಸೆ ಹಿಟ್ಟು ಇವೆರಡರ ನಡುವೆ. ಸೌಟಿನಿಂದ ಬಿದ್ದ ಹಿಟ್ಟಿನ ಗುರುತು ಪಾತ್ರೆಯ ಹಿಟ್ಟಿನ ಮೇಲೆ ಒಂದೆರಡು ಕ್ಷಣ ಉಳಿದು ಆಮೇಲೆ ಮುಚ್ಚಿಕೊಳ್ಳುತ್ತದೆ. ಇಡ್ಲಿ ಹಿಟ್ಟಿನಲ್ಲಿ ಅದು ಇನ್ನೂ ಹೊತ್ತು ಉಳಿಯುತ್ತದೆ. ಆ ಗುರುತು ಮುಚ್ಚಲು ಎಷ್ಟು ಫ್ರೇಮ್ ಬೇಕು ಅಂತ ನಿಮ್ಮ ಮನೆಯ ಹಿಟ್ಟಿನಲ್ಲೇ ಎಣಿಸಿ.

ಹಾಲುಬಾಯಿ ಮತ್ತು ಸ್ಟೀಲ್ ಲೋಟ

ಮೆತ್ತನೆಯ ವಸ್ತುವಿಗೆ ಹಾಲುಬಾಯಿಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ತಟ್ಟೆ ತಟ್ಟಿದರೆ ತುಂಡು ಅಲುಗುತ್ತದೆ. ಎರಡನ್ನು ಗಮನಿಸಿ: ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ. ಸ್ವಲ್ಪ ಗಟ್ಟಿಯಾಗಿದ್ದರೆ ಅಲುಗಾಟ ಚಿಕ್ಕದು ಮತ್ತು ಬೇಗ. ಮೆತ್ತಗಿದ್ದರೆ ದೊಡ್ಡದು ಮತ್ತು ನಿಧಾನ. ಅದೇ ತಟ್ಟೆಯಲ್ಲಿ ಮೈಸೂರು ಪಾಕ್ ಇಟ್ಟು ತಟ್ಟಿ, ಇಡೀ ತುಂಡು ಒಟ್ಟಿಗೆ ಜಿಗಿದು ಕೂರುತ್ತದೆ. 2017ರಲ್ಲಿ ಪೌಲುನ್ ಮತ್ತು ಫ್ಲೆಮಿಂಗ್ ಸೇರಿದಂತೆ ಕೆಲವರು ಒಂದೇ ಆಕಾರದ ಘನಗಳಿಗೆ ಬೇರೆ ಬೇರೆ ಮೈ ಕೊಟ್ಟು ಮೇಲಿಂದ ಒತ್ತಿ ತೋರಿಸಿದ್ದರು. ನಿಂತಿದ್ದಾಗ ಜನ ಮೈ ನೋಡಿ ಗಟ್ಟಿಯೋ ಮೆತ್ತಗೋ ಹೇಳಿದರು. ಒತ್ತಿದ ಮೇಲೆ ಎಷ್ಟು ತಗ್ಗಿತು ಎನ್ನುವುದೇ ಮುಖ್ಯವಾಯಿತು.

ಹೊಳಪಿಗೂ ಚಲನೆ ಬೇಕು ಅಂದರೆ ಕೆಲವರು ನಂಬುವುದಿಲ್ಲ. ಒಂದು ಸ್ಟೀಲ್ ಲೋಟ ಕಿಟಕಿಯ ಹತ್ತಿರ ಹಿಡಿದು ನಿಂತಲ್ಲೇ ತಿರುಗಿಸಿ. ಲೋಟ ತಿರುಗುತ್ತದೆ, ಕಿಟಕಿಯ ಬಿಳಿ ಗೆರೆ ಅಲ್ಲೇ ನಿಂತಿರುತ್ತದೆ. ಲೋಟದ ಮೇಲೆ ಕೆತ್ತಿದ ಹೆಸರು ಮಾತ್ರ ಲೋಟದ ಜೊತೆ ಸುತ್ತುತ್ತದೆ. ಹೊಳಪಿನ ಗೆರೆಯನ್ನು ಟೆಕ್ಸ್ಚರ್‌ನಲ್ಲೇ ಬರೆದು ಅಂಟಿಸಿದರೆ ನಿಂತ ಚಿತ್ರದಲ್ಲಿ ಸ್ಟೀಲ್, ತಿರುಗಿದ ಕ್ಷಣ ಬಿಳಿ ಪೇಂಟು.

ಚುಕ್ಕಿ ಪರೀಕ್ಷೆ

ಕೊನೆಗೆ ಪರೀಕ್ಷೆ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಶ್ಮಿಡ್, ಕಾತ್ಯಾ ಡೋರ್ಶ್ನರ್ ಮತ್ತು ಜೊತೆಯವರು ಯೋಹಾನ್ಸನ್ ಅವರ ದಾರಿಯನ್ನು ವಸ್ತುಗಳಿಗೆ ಬಳಸಿ, ಕಪ್ಪು ಹಿನ್ನೆಲೆಯಲ್ಲಿ ಚುಕ್ಕಿಗಳ ಚಲನೆಯಿಂದಲೇ ಜೆಲ್ಲಿ, ದ್ರವದಂಥವನ್ನು ತೋರಿಸಿದರು. ಅದನ್ನು ಓದಿ ನಾನು ಮನೆಯಲ್ಲಿ ಕಪ್ಪು ದುಪಟ್ಟಾ ಮೇಲೆ 40 ಬಿಳಿ ಸ್ಟಿಕರ್ ಬಿಂದಿ ಅಂಟಿಸಿದೆ. ಅಷ್ಟೇ ದೊಡ್ಡ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೂ 40. ಸಂಜೆ ಮಂದ ಬೆಳಕಲ್ಲಿ ಎರಡನ್ನೂ ಬೀಸಿ ಶೂಟ್ ಮಾಡಿ, ಬಿಂದಿ ಬಿಟ್ಟು ಏನೂ ಕಾಣದ ಹಾಗೆ ಕಾಂಟ್ರಾಸ್ಟ್ ಏರಿಸಿದೆ. ನನ್ನ ಅಕ್ಕನ ಮಗಳಿಗೆ ಏಳು ವರ್ಷ. ಮೊದಲನೆಯದಕ್ಕೆ "ವೇಲು" ಅಂದಳು, ಎರಡನೆಯದಕ್ಕೆ "ಕವರ್".

ನಿಮ್ಮ ಶಾಟ್‌ಗೂ ಇದನ್ನೇ ಮಾಡಿ. ಮಾಡೆಲ್ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿ ಹಾಕಿ, ಉಳಿದದ್ದನ್ನು ಕಪ್ಪು ಮಾಡಿ ರೆಂಡರ್ ಮಾಡಿ, ಅಂದರೆ ವಿಡಿಯೋ ಆಗಿ ತೆಗೆಯಿರಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬ್ಲೆಂಡರ್‌ನ ಸಾಲಿಡ್ ಮೋಡ್‌ನಲ್ಲಿ ಬೂದು ಬಣ್ಣದಲ್ಲೇ ತೋರಿಸಿ. ಅನಿಮೇಷನ್ ಗೊತ್ತಿಲ್ಲದವರಿಗೆ ತೋರಿಸಿ, ಒಂದೇ ಸಲ ತೋರಿಸಿ. "ಇದು ಕಲ್ಲಿನ ಥರ ಇದೆಯಾ?" ಅಂತ ಕೇಳಬೇಡಿ, ನಮ್ಮ ಮನೆಯವರು ನಮ್ಮ ಮನಸ್ಸು ನೋಯಿಸಬಾರದು ಅಂತ ಹೌದು ಅಂದುಬಿಡುತ್ತಾರೆ. "ಇದು ಯಾವುದರಲ್ಲಿ ಮಾಡಿದ್ದು ಅನ್ಸುತ್ತೆ?" ಅಂತ ಕೇಳಿ, ಮೊದಲ ಉತ್ತರವನ್ನು ಹಾಗೇ ಬರೆದುಕೊಳ್ಳಿ.

ತಿದ್ದಿದ ರುಬ್ಬುಗುಂಡನ್ನು ನಾನು ಅಮ್ಮನಿಗೆ ತೋರಿಸಿದ್ದು ಬೂದು ಬಣ್ಣದಲ್ಲೇ. ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಗುಂಡು ಎರಡನೇ ಮೆಟ್ಟಿಲಿಗೆ ಬಡಿಯಿತು. "ಅಯ್ಯೋ, ಮೆಟ್ಟಿಲು!" ಅಂದರು ಅಮ್ಮ.